ಗೇರುಬೀಜ ಕಂಪನಿಯ ಮೇಲ್ ಸರ್ವರ್‌ಗೆ ಆರ್‌ಸ್ಪ್ಯಾಮ್‌ಡಿ, ವರ್ಷದ ಮೇಲೆ ಬಳಸಿ ನೋಡಿದ್ದು

ಮಂಗಳೂರಿನ ಬೈಕಂಪಾಡಿಯ ಗೇರುಬೀಜ ಕಂಪನಿಯಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವುದು ನಾನು. ಹೊಸ ಡೆಬಿಯನ್‌ಗೆ ಅಪ್‌ಗ್ರೇಡ್ ಮಾಡುವಾಗ ಮೇಲ್ ತಗೊಂಡು ಕಳಿಸುವ ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ನೋಡಿಕೊಳ್ಳುವ ಡವ್‌ಕಾಟ್ ಜೊತೆಗೆ ಸ್ಪ್ಯಾಮ್ ಹಿಡಿಯುವ ಫಿಲ್ಟರ್ ಆರ್‌ಸ್ಪ್ಯಾಮ್‌ಡಿ ಕೂಡ ಹಾಕಿದ್ದು, ಈಗ ವರ್ಷದ ಮೇಲಾಯ್ತು. ಭಾರೀ ಒಳ್ಳೇ ಸಾಫ್ಟ್‌ವೇರ್, ದುಡ್ಡೂ ಇಲ್ಲ. ಆದ್ರೆ ಆನ್ ಮಾಡಿದ ದಿನವೇ ಮೇಲ್ ರಿಜೆಕ್ಟ್ ಮಾಡ್ಲಿಕ್ಕೆ ಮಾತ್ರ ಬಿಡ್ಬೇಡಿ.

ಯಾಕಂದ್ರೆ ನಮ್ಗೆ ಕಚ್ಚಾ ಬೀಜ ಬರುವುದು ಐವರಿ ಕೋಸ್ಟ್ ಕಡೆಯಿಂದ, ಅಲ್ಲಿನ ಪಾರ್ಟಿಗಳ ಮೇಲ್ ಅರ್ಧ ಫ್ರೆಂಚ್, ಕಳಿಸುವುದು ಯಾವುದೋ ಫ್ರೀ ಅಕೌಂಟಿನಿಂದ, ಸಬ್ಜೆಕ್ಟ್ ಪೂರ್ತಿ ದೊಡ್ಡಕ್ಷರದಲ್ಲಿ ಅರ್ಜೆಂಟ್ ಪೇಮೆಂಟ್ ಅಂತ, ಜೊತೆಗೊಂದು ಜಿಪ್ ಫೈಲು. ಯಾವ ಫಿಲ್ಟರಿಗಾದ್ರೂ ಡೌಟ್ ಬರ್ತದೆ. ಆದ್ರೆ ಆ ಜಿಪ್ಪಿನೊಳಗೆ ಇರುವುದು ಪಣಂಬೂರಿಗೆ ಬರುವ ಕಂಟೇನರಿನ ಪೇಪರು, ಅದು ಕೈಗೆ ಸಿಗದಿದ್ರೆ ಮಾಲು ಪೋರ್ಟಲ್ಲೇ ಬಾಕಿ, ಡೆಮರೇಜ್ ಕಟ್ಟಬೇಕು.

ಪ್ರತಿ ಮೇಲಿಗೆ ಡೌಟ್ ಬಂದಷ್ಟು ಪಾಯಿಂಟ್ ಕೊಟ್ಟು ಕೂಡಿಸ್ತದೆ, ಡಿಫಾಲ್ಟ್ ಸ್ಕೋರ್ ಹೀಗುಂಟು: 4ಕ್ಕೆ ಗ್ರೇಲಿಸ್ಟ್, ಅಂದ್ರೆ ಐದು ನಿಮಿಷ ಬಿಟ್ಟು ಬಾ ಅಂತ ವಾಪಸ್ ಕಳಿಸ್ತದೆ, 6ಕ್ಕೆ ಸ್ಪ್ಯಾಮ್ ಹೆಡರ್, ಅಂದ್ರೆ ಮೇಲಿನ ತಲೆಗೆ ಸ್ಪ್ಯಾಮ್ ಅಂತ ಗುರುತು, 15ಕ್ಕೆ ರಿಜೆಕ್ಟ್. ಶುರುವಿಗೆ ರಿಜೆಕ್ಟ್ ತೆಗೆದಿಟ್ಟು, ಹೆಡರ್ ಬಿದ್ದದ್ದೆಲ್ಲ ಜಂಕ್ ಫೋಲ್ಡರಿಗೆ ಹೋಗುವ ಹಾಗೆ ಸೀವ್ ರೂಲ್ (ಮೇಲ್ ವಿಂಗಡಿಸುವ ಸ್ಕ್ರಿಪ್ಟ್) ಬರೆದೆ. ಬೇಯ್ಸ್ ಅಂತ ಕಲಿಯುವ ಭಾಗ ಒಂದುಂಟಲ್ಲ, ಅದಕ್ಕೆ ಡಿಫಾಲ್ಟಲ್ಲಿ 200 ಸ್ಪ್ಯಾಮ್ ಮತ್ತು 200 ಒಳ್ಳೇ ಮೇಲ್ ತೋರಿಸುವ ತನಕ ಅದು ಮಾತೇ ಆಡುವುದಿಲ್ಲ. ಸ್ಪ್ಯಾಮ್ ಬೇಕಾದಷ್ಟು ಸಿಗ್ತದೆ, ಒಳ್ಳೇದನ್ನು ಕೊಡ್ಲಿಕ್ಕೆ ಜನ ಮರೀತಾರೆ. ನಾನು ಪರ್ಚೇಸ್‌ನವರ ಹಳೇ ಇನ್‌ಬಾಕ್ಸನ್ನೇ ಕಲಿಸಿದೆ, ಫ್ರೆಂಚ್ ಮೇಲ್‌ಗಳ ಸ್ಕೋರ್ ಇಳಿದದ್ದು ಆಮೇಲೆಯೇ. ಈಗ ರಿಜೆಕ್ಟ್ ವಾಪಸ್ 15ಕ್ಕೆ ಇಟ್ಟಿದ್ದೇನೆ.

ನಂಗೆ ತುಂಬಾ ಇಷ್ಟ ಆದದ್ದು ವೆಬ್ ಪೇಜಿನ ಹಿಸ್ಟರಿ. ಅಕೌಂಟ್ಸ್‌ನ ಅಕ್ಕ ಬಂದು "ನನ್ನ ಮೇಲ್ ಎಂತ ಆಯ್ತು ಮಾರ್ರೆ" ಅಂದ್ರೆ, ಎಸ್‌ಪಿಎಫ್ (ಆ ಡೊಮೇನಿಂದ ಕಳಿಸ್ಲಿಕ್ಕೆ ಈ ಸರ್ವರಿಗೆ ಪರ್ಮಿಶನ್ ಉಂಟಾ ಅಂತ ನೋಡುವುದು) ಫೇಲ್‌ಗೆ ಎಷ್ಟು, ಲಿಂಕಿಗೆ ಎಷ್ಟು, ಯಾವ ರೂಲಿಗೆ ಎಷ್ಟು ಪಾಯಿಂಟ್ ಬಿತ್ತು ಅಂತ ಸಾಲಾಗಿ ತೋರಿಸ್ಬಹುದು.

ಇನ್ನೊಂದು, ಸರ್ವರಿನ ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕಿ ಕೊಡುವ ರಿಸಾಲ್ವರ್) ಗೂಗಲಿನ 8.8.8.8 ಇದ್ರೆ ಬದಲಿಸಿ. ಅಂಥ ಪಬ್ಲಿಕ್ ರಿಸಾಲ್ವರ್ ಮೂಲಕ ಕೇಳಿದ್ರೆ, ಸ್ಪ್ಯಾಮ್ ಕಳಿಸುವವರ ಪಟ್ಟಿ ಇಡುವ ಸ್ಪ್ಯಾಮ್‌ಹೌಸಿನ ಫ್ರೀ ಲಿಸ್ಟ್ ಉತ್ತರ ಕೊಡುವುದಿಲ್ಲ, ಫಿಲ್ಟರಿನ ಅರ್ಧ ಬಲ ಅಲ್ಲೇ ಹೋಯ್ತು. ಅದೇ ಮಶೀನಲ್ಲಿ ಅನ್‌ಬೌಂಡ್ ಅಂತ ಸ್ವಂತ ರಿಸಾಲ್ವರ್ ಹಾಕಿದ್ರೆ ಸಾಕು.

ಸಪ್ಲೈಯರ್ ಹೆಸರಲ್ಲಿ ಒಂದಕ್ಷರ ಆಚೀಚೆ ಮಾಡಿ ಡೊಮೇನ್ ತಗೊಂಡು "ಬ್ಯಾಂಕ್ ಅಕೌಂಟ್ ಬದಲಾಗಿದೆ" ಅಂತ ಬರುವ ಮೇಲ್ ಮಾತ್ರ ಇದು ಹಿಡಿಯುತ್ತದೆ ಅಂತ ನಂಬ್ಲಿಕ್ಕಾಗುವುದಿಲ್ಲ, ಡೊಮೇನ್ ಆ ಮೋಸಗಾರರದ್ದೇ ಆದ್ದರಿಂದ ಎಸ್‌ಪಿಎಫ್, ಡಿಕಿಮ್ (ಡೊಮೇನಿನ ಡಿಜಿಟಲ್ ಸಹಿ) ಎಲ್ಲ ಪಾಸ್ ಆಗ್ತದೆ. ಅಂಥದ್ದಕ್ಕೆ ಮೊದಲಿಂದ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಕೇಳದೆ ಪೇಮೆಂಟ್ ಬಿಡ್ಲಿಕ್ಕಿಲ್ಲ ಅಂತ ಅಕೌಂಟ್ಸ್‌ನಲ್ಲಿ ರೂಲ್ ಮಾಡಿಸಿದ್ದೇವೆ.