ತೀರ್ಥಹಳ್ಳಿ ರಸ್ತೆಗೆ ಡೀಸೆಲ್ಲೋ, ಟರ್ಬೊ ಪೆಟ್ರೋಲೋ?

ನನ್ನದು ಹ್ಯುಂಡೈ ಕ್ರೆಟಾದ 1.5 ಲೀಟರ್ ಡೀಸೆಲ್ ಆಟೊಮ್ಯಾಟಿಕ್; ಶಿವಮೊಗ್ಗದಲ್ಲಿರುವ ನನ್ನ ಷಡ್ಡಕರದು ಅದೇ ಕಾರಿನ 1.5 ಲೀಟರ್ ಟರ್ಬೊ ಪೆಟ್ರೋಲ್, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಪೆಟ್ರೋಲ್ ಕಾರು. ಮಳೆಗಾಲ ಮುಗಿಯುತ್ತಿದ್ದಂತೆ ಹದಿನೈದು ದಿನ ಕಾರುಗಳನ್ನು ಅದಲುಬದಲು ಮಾಡಿಕೊಂಡೆವು. ಮೈಕಟ್ಟು, ಸೀಟು ಎಲ್ಲವೂ ಒಂದೇ ಆಗಿದ್ದರಿಂದ ಎಂಜಿನ್ನಿನ ಗುಣವನ್ನಷ್ಟೇ ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ.

ಡೀಸೆಲ್ ಎಂಜಿನ್ 116 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುತ್ತದೆ; ಟರ್ಬೊ 160 ಪಿಎಸ್, 253 ಎನ್‌ಎಂ. ಎರಡರಲ್ಲೂ ಪೂರ್ಣ ಟಾರ್ಕ್ 1500 ಆರ್‌ಪಿಎಂಗೇ, ಅಂದರೆ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗಲೇ, ಸಿಗುತ್ತದೆ. ಆದ್ದರಿಂದ ಘಟ್ಟ ಹತ್ತಲು ಡೀಸೆಲ್ಲೇ ಬೇಕೆಂದು ನಮ್ಮ ಕಡೆ ನಡೆದುಬಂದಿರುವ ಮಾತು ಹಳೆಯ ಪೆಟ್ರೋಲ್ ಕಾರುಗಳಿಗೆ ಸರಿಯಿದ್ದೀತು, ಇದಕ್ಕೆ ಹೊಂದುವುದಿಲ್ಲ. ಹೆಬ್ರಿಯಿಂದ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಐದು ಜನ ಕುಳಿತು, ಡಿಕ್ಕಿಯಲ್ಲಿ ಎರಡು ಚೀಲ ತೆಂಗಿನಕಾಯಿ ಹೇರಿಕೊಂಡು ಹತ್ತಿದಾಗಲೂ ಟರ್ಬೊ ಎಲ್ಲಿಯೂ ಏದುಸಿರು ಬಿಡಲಿಲ್ಲ. ಮಂಡಗದ್ದೆಯ ಬಳಿ ಎರಡು ತಿರುವುಗಳ ನಡುವೆ ಸಿಗುವ ತುಂಡು ನೇರ ರಸ್ತೆಯಲ್ಲಿ ಲಾರಿಯನ್ನು ಹಿಂದೆ ಹಾಕುವಾಗಲಂತೂ ಅದು ಡೀಸೆಲ್ಲಿಗಿಂತ ಸ್ಪಷ್ಟವಾಗಿ ಮೇಲು. ಡೀಸೆಲ್ಲಿನಲ್ಲಾದರೆ ಮುಂದಿನ ತಿರುವಿನವರೆಗೆ ಕಾಯುತ್ತಿದ್ದೆ.

ಲೆಕ್ಕ ತಪ್ಪುವುದು ಪೆಟ್ರೋಲ್ ಬಂಕಿನಲ್ಲಿ. ಕಂಪನಿ ಹೇಳುವ ಮೈಲೇಜ್ ಲೀಟರಿಗೆ ಡೀಸೆಲ್ ಆಟೊಮ್ಯಾಟಿಕ್‌ಗೆ 19.1 ಕಿಲೋಮೀಟರ್, ಟರ್ಬೊಗೆ 18.4. ಫುಲ್ ಟ್ಯಾಂಕ್ ಹಾಕಿಸಿ ಅಳೆದಾಗ ತೀರ್ಥಹಳ್ಳಿ ರಸ್ತೆಯಲ್ಲಿ ನನಗೆ ಸಿಕ್ಕಿದ್ದು ಕ್ರಮವಾಗಿ 17 ಮತ್ತು 13. ಘಟ್ಟ ಹತ್ತಿದ ದಿನ ಟರ್ಬೊ 10ಕ್ಕೆ ಇಳಿಯಿತು. ಟರ್ಬೊ ಹೆಚ್ಚು ಗಾಳಿ ತುಂಬಿದಷ್ಟೂ ಪೆಟ್ರೋಲ್ ಎಂಜಿನ್ ಅದಕ್ಕೆ ತಕ್ಕಷ್ಟು ಇಂಧನವನ್ನು ಬೇಡುತ್ತದೆ. ಡೀಸೆಲ್ ಎಂಜಿನ್ ಗಾಳಿ ಹೆಚ್ಚಿದ್ದರೂ ಕಡಿಮೆ ಇಂಧನದಲ್ಲಿ ಉರಿಯಬಲ್ಲದು. ತಿಂಗಳಿಗೆ 1000 ಕಿಲೋಮೀಟರ್ ಓಡಿಸುವ ನನಗೆ, ಎರಡು ಇಂಧನಗಳ ಬೆಲೆಯಲ್ಲಿರುವ ಹತ್ತು ಹನ್ನೆರಡು ರೂಪಾಯಿಯ ಅಂತರವೂ ಸೇರಿ, ತಿಂಗಳಿಗೆ ಎರಡೂವರೆ ಸಾವಿರದಷ್ಟು ಉಳಿಯುತ್ತದೆ.

ಇಷ್ಟಾದರೂ ಎಲ್ಲರೂ ಡೀಸೆಲ್ ಕೊಳ್ಳಿರೆಂದು ನಾನು ಹೇಳಲಾರೆ. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಂತ್ರಣದ ನಿಯಮ ಜಾರಿಯಾದ ಮೇಲೆ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಆ ಮಸಿ ಉರಿದುಹೋಗಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ನನ್ನ ಹಿಂದಿನ ಡೀಸೆಲ್ ಕಾರು ಬೇರೆ ಕಂಪನಿಯದು. ಅದನ್ನು ಹೆಚ್ಚಾಗಿ ಅಪ್ಪಯ್ಯ ಓಡಿಸುತ್ತಿದ್ದರು, ಮನೆಯಿಂದ ಸೊಸೈಟಿಗೆ, ಅಲ್ಲಿಂದ ತೋಟಕ್ಕೆ, ಒಟ್ಟು ನಾಲ್ಕೈದು ಕಿಲೋಮೀಟರ್. ಜುಲೈನ ಒಂದು ಬೆಳಿಗ್ಗೆ ಫಿಲ್ಟರಿನ ಹಳದಿ ದೀಪ ಹೊತ್ತಿಕೊಂಡಿತು. ಸರ್ವಿಸ್ ಸೆಂಟರಿನವರು ‘ಏನೂ ಆಗಲ್ಲ, ಓಡಿಸ್ತಿರಿ’ ಎಂದರು. ವಾರದೊಳಗೆ ಕಾರು ಮೂವತ್ತರ ವೇಗವನ್ನೂ ದಾಟದಾಯಿತು. ಆಯಿಲ್ ಗೇಜಿನ ಕಡ್ಡಿ ಎಳೆದು ನೋಡಿದರೆ ಆಯಿಲ್ ಮೇಲಿನ ಗುರುತನ್ನೂ ಮೀರಿ ಏರಿತ್ತು, ಮೂಸಿದರೆ ಡೀಸೆಲ್ ವಾಸನೆ. ಮಸಿ ಸುಡಲೆಂದು ಎಂಜಿನ್ ತಾನೇ ಸಿಂಪಡಿಸಿದ ಡೀಸೆಲ್, ಸುಡುವ ಕೆಲಸ ಪ್ರತಿಸಲವೂ ಅರ್ಧಕ್ಕೇ ನಿಂತದ್ದರಿಂದ, ಆಯಿಲಿಗೆ ಇಳಿದಿತ್ತು. ‘ವಾರಕ್ಕೊಂದ್ಸಲ ಶಿವಮೊಗ್ಗಕ್ಕೆ ಹೋಗಿ ಬನ್ನಿ ಸಾರ್, ಅದಕ್ಕೆ ಅದೇ ಔಷಧಿ’ ಎಂದು ಊರಿನ ಮೆಕ್ಯಾನಿಕ್ ಹೇಳಿದ ಮಾತೇ ನಿಜವಾಯಿತು. ಈಗ ವಾರಕ್ಕೆರಡು ಸಲ ಅರವತ್ತು ಕಿಲೋಮೀಟರ್ ಹೋಗಿ ಬರುವ ಕೆಲಸ ನನಗೇ ಇರುವುದರಿಂದ ಆ ತೊಂದರೆ ಮತ್ತೆ ಬಂದಿಲ್ಲ.

ಷಡ್ಡಕರ ಓಡಾಟ ಮಕ್ಕಳ ಶಾಲೆ, ಗಾಂಧಿ ಬಜಾರು, ಮೂರು ತಿಂಗಳಿಗೊಮ್ಮೆ ಬೆಂಗಳೂರು. ಅವರು ಡೀಸೆಲ್ ಬಿಟ್ಟದ್ದು ಸರಿಯೇ. ಆದರೆ ಅಷ್ಟಕ್ಕೆ ಟರ್ಬೊ ಕೂಡ ಬೇಕಿರಲಿಲ್ಲ, ಇದೇ ಕಾರಿನ 115 ಪಿಎಸ್‌ನ ಸಾಮಾನ್ಯ ಪೆಟ್ರೋಲ್ ಎಂಜಿನ್ನೇ ಸಾಕಿತ್ತು ಎಂಬುದು ನನ್ನ ಅಭಿಪ್ರಾಯ. ಪೇಟೆಯ ನಿಧಾನದ ಸಂಚಾರದಲ್ಲಿ ಟರ್ಬೊದ ಎರಡು ಕ್ಲಚ್ಚಿನ ಗೇರ್‌ಬಾಕ್ಸನ್ನು ತೆವಳಿಸುತ್ತಾ ಓಡಿಸಬಾರದು. ಮುಂದಿನ ವಾಹನದೊಂದಿಗೆ ಸ್ವಲ್ಪ ಅಂತರ ಬಿಟ್ಟು, ಒಮ್ಮೆಗೇ ಮುಂದಕ್ಕೆ ಹೋಗಿ ನಿಲ್ಲಿಸಿದರೆ ಕ್ಲಚ್ ಬಿಸಿಯಾಗುವುದು ತಪ್ಪುತ್ತದೆ.

ಕೊಳ್ಳುವ ಮೊದಲು ಎರಡನ್ನೂ ಮನೆಯವರನ್ನೆಲ್ಲ ಕೂರಿಸಿಕೊಂಡು ಓಡಿಸಿ ನೋಡಿ. ಷೋರೂಮಿನವರು ಒಬ್ಬರನ್ನೇ ಕೂರಿಸಿ ಸಮತಟ್ಟು ರಸ್ತೆಯಲ್ಲಿ ಎರಡು ಕಿಲೋಮೀಟರ್ ತಿರುಗಿಸಿ ತಂದರೆ ಒಪ್ಪಬೇಡಿ, ಏರು ಇರುವ ರಸ್ತೆಗೇ ಕೊಡಬೇಕೆಂದು ಕೇಳಿ.