ಕುಂಡದ ಮಣ್ಣಿನಲ್ಲಿ ಓಡಾಡುವ ಹುಳ ಯಾವುದು? ಆಲೂಗಡ್ಡೆ, ಹಳದಿ ಕಾರ್ಡ್, ಲೆನ್ಸ್, ಆ್ಯಪ್ ಎಲ್ಲ ಇಟ್ಟು ನೋಡಿದ ಮೇಲೆ

ಮನೆಯೊಳಗಿನ ಕುಂಡದಲ್ಲಿ ಸಾಸಿವೆಗಿಂತ ಚಿಕ್ಕ ಹುಳ ಕಂಡ ಕೂಡಲೇ ಜಾಸ್ತಿ ಜನ ಮಾಡುವ ಮೊದಲ ಕೆಲಸ ಔಷಧ ಹೊಡೆಯುವುದು. ನನಗೆ ಇದು ಸರಿ ಕಾಣುವುದಿಲ್ಲ. ಕೋಕೋಪೀಟ್, ಎರೆಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಹುಳ ಇರುವುದು ಸಹಜ, ಅದರಲ್ಲಿ ಬಹುಪಾಲು ಗಿಡದ ತಂಟೆಗೇ ಹೋಗುವುದಿಲ್ಲ, ಕೊಳೆತ ಎಲೆ, ಬೂಷ್ಟು ತಿಂದುಕೊಂಡಿರುತ್ತವೆ. ಮಕ್ಕಳು ಓಡಾಡುವ ಮನೆಯೊಳಗೆ ವಿಷ ತರುವ ಮೊದಲು ಅದು ಯಾವ ಹುಳ ಅಂತ ಗೊತ್ತಾಗಬೇಕು ಅಲ್ವಾ? ನಮ್ಮ ಬೆಂಗಳೂರಿನ ಫ್ಲ್ಯಾಟಿನಲ್ಲಿ ಮನಿಪ್ಲಾಂಟ್, ಪೀಸ್ ಲಿಲಿ, ಸ್ನೇಕ್ ಪ್ಲಾಂಟ್ ಕುಂಡಗಳ ಮೇಲೆ ಬೇರೆ ಬೇರೆ ದಾರಿಗಳನ್ನು ಪ್ರಯತ್ನಿಸಿ ನೋಡಿದ್ದೇನೆ. ಯಾವುದು ಏನು ಹೇಳುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ ಬರೆಯುತ್ತೇನೆ.

ಖರ್ಚೇ ಇಲ್ಲದ್ದು ನೀರಿನ ಪರೀಕ್ಷೆ. ಮೇಲ್ಮಣ್ಣು ಒಂದು ಚಮಚ ತೆಗೆದು ಬಿಳಿ ತಟ್ಟೆಗೆ ಹಾಕಿ, ಮೆಲ್ಲಗೆ ನೀರು ಸುರಿಯಿರಿ. ಸ್ಪ್ರಿಂಗ್‌ಟೇಲ್ ಅನ್ನುವ ಚಿಮ್ಮುವ ಪುಟ್ಟ ಹುಳ ಆಗಿದ್ದರೆ ತಕ್ಷಣ ತೇಲುತ್ತದೆ, ಯಾಕಂದರೆ ಅದರ ಚರ್ಮಕ್ಕೆ ನೀರು ಅಂಟುವುದಿಲ್ಲ. ಬೆರಳು ಹತ್ತಿರ ತಂದರೆ ಟಪ್ ಅಂತ ಹಾರುತ್ತದೆ. ಹೊಟ್ಟೆಯ ಕೆಳಗೆ ಮಡಚಿಟ್ಟ ಬಾಲದಂಥ ಅಂಗ ಇದೆ, ಅದನ್ನು ನೆಲಕ್ಕೆ ಬಡಿದು ಚಿಮ್ಮುತ್ತದೆ. ಇದು ನಿರಪಾಯದ ಹುಳ. ಆದರೆ ಹಾರದೇ ಇದ್ದರೆ ಸ್ಪ್ರಿಂಗ್‌ಟೇಲ್ ಅಲ್ಲ ಅಂತ ತೀರ್ಮಾನ ಮಾಡಬೇಡಿ. ಮಣ್ಣಿನ ಆಳದಲ್ಲಿರುವ ಕೆಲವು ಬಿಳಿ ಜಾತಿಗಳಿಗೆ ಆ ಬಾಲವೇ ಇರುವುದಿಲ್ಲ, ಅವು ಸುಮ್ನೆ ತೆವಳುತ್ತವೆ. ಅಲ್ಲಿ ನೀರಿನ ಪರೀಕ್ಷೆ ನಿಲ್ಲುತ್ತದೆ, ಲೆನ್ಸ್ ಬೇಕಾಗುತ್ತದೆ.

ಕಪ್ಪು ಪುಟ್ಟ ನೊಣಗಳಿಗೆ ಆಲೂಗಡ್ಡೆ ಮತ್ತು ಹಳದಿ ಅಂಟು ಕಾರ್ಡ್ ನಡುವೆ ನಿಜವಾದ ಪೈಪೋಟಿ ಇದೆ. ಕಾರ್ಡು ಹಾರುವ ನೊಣವನ್ನು ಹಿಡಿಯುತ್ತದೆ, ಆಲೂಗಡ್ಡೆ ಮಣ್ಣೊಳಗಿನ ಮರಿಹುಳವನ್ನು ಮೇಲಕ್ಕೆ ಕರೆಯುತ್ತದೆ. ಕಾರ್ಡನ್ನು ಅಡ್ಡಲಾಗಿ, ಮಣ್ಣಿಗೆ ತಾಗುವಷ್ಟು ಹತ್ತಿರ ಇಟ್ಟರೆ ಫಂಗಸ್ ನ್ಯಾಟ್ ಅನ್ನುವ ಕಪ್ಪು ನೊಣ ಚೆನ್ನಾಗಿ ಬೀಳುತ್ತದೆ. ನೇರವಾಗಿ ನಿಲ್ಲಿಸಿದರೆ ಎಲೆಯ ರಸ ಹೀರುವ ಬಿಳಿನೊಣ, ಥ್ರಿಪ್ಸ್ ಕೂಡ ಅಂಟಿಕೊಳ್ಳುತ್ತವೆ. ಕಾರ್ಡಿನ ಕಷ್ಟ ಏನೆಂದರೆ ಅಂಟಿನಲ್ಲಿ ರೆಕ್ಕೆ ಮೆತ್ತಿಕೊಂಡು ಗುರುತು ಅಳಿಸಿಹೋಗುತ್ತದೆ. ನ್ಯಾಟಿನ ರೆಕ್ಕೆಯಲ್ಲಿ ಇಂಗ್ಲಿಷಿನ ವೈ ಅಕ್ಷರದಂಥ ನರ ಇರುತ್ತದೆ, ಮೀಸೆ ಉದ್ದ, ಕಾಲು ಸಣಕಲು, ಹಾರಾಟದಲ್ಲಿ ಬಲವಿಲ್ಲ. ಅದೇ ಬಣ್ಣದ, ಪಾಚಿ ತಿನ್ನುವ ಇನ್ನೊಂದು ನೊಣ ಇದೆ, ಅದಕ್ಕೆ ಶೋರ್ ಫ್ಲೈ ಅನ್ನುತ್ತಾರೆ. ಅದರದ್ದು ಗಿಡ್ಡ ಮೀಸೆ, ದಪ್ಪ ಮೈ, ಮಬ್ಬು ರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳು. ಇವೆರಡನ್ನು ಬೇರೆ ಮಾಡಬೇಕಾದರೆ ಹೊಸದಾಗಿ ಅಂಟಿದ ನೊಣವನ್ನೇ ಲೆನ್ಸಿನಲ್ಲಿ ನೋಡಬೇಕು, ವಾರ ಕಳೆದ ಕಾರ್ಡಿನಿಂದ ಏನೂ ಪ್ರಯೋಜನ ಇಲ್ಲ.

ಆಲೂಗಡ್ಡೆ ಈ ಗೊಂದಲವನ್ನೇ ಬಿಡಿಸಿಬಿಡುತ್ತದೆ. ಸಿಪ್ಪೆ ತೆಗೆದು ದಪ್ಪ ಬಿಲ್ಲೆ ಕೊಯ್ದು ಮಣ್ಣಿಗೆ ಒತ್ತಿ ಇಡಿ, 2-3 ದಿನ ಬಿಟ್ಟು ಎತ್ತಿ ನೋಡಿ. ಗಾಜಿನಂಥ ತೆಳು ಬಿಳಿ ಮೈ, ಹೊಳೆಯುವ ಕಪ್ಪು ತಲೆ, ಕಾಲಿಲ್ಲ ಅಂದರೆ ಅದು ಫಂಗಸ್ ನ್ಯಾಟಿನ ಮರಿ, ಬೇರೆ ಸಾಕ್ಷಿ ಬೇಕಿಲ್ಲ. ಆ ಕಪ್ಪು ತಲೆಯೇ ಮುಖ್ಯ. ಎರೆಗೊಬ್ಬರದ ಜೊತೆ ಬರುವ ದಾರದಂಥ ಬಿಳಿ ಹುಳಗಳೂ ಆಲೂಗಡ್ಡೆ ಕೆಳಗೆ ಸೇರಬಹುದು, ಅವಕ್ಕೆ ಕಪ್ಪು ತಲೆ ಇರುವುದಿಲ್ಲ, ಗಿಡಕ್ಕೆ ತೊಂದರೆಯೂ ಇಲ್ಲ. ಇನ್ನೊಂದು ಲಾಭ, ಮನೆಯಲ್ಲಿ ಹತ್ತು ಕುಂಡ ಇದ್ದರೆ ನೊಣ ಯಾವ ಕುಂಡದಿಂದ ಏಳುತ್ತಿದೆ ಅಂತ ಕಾರ್ಡ್ ಹೇಳುವುದಿಲ್ಲ, ಅದು ಎಲ್ಲಿಂದಲೋ ಹಾರಿ ಬಂದು ಅಂಟಿರುತ್ತದೆ. ಆಲೂಗಡ್ಡೆ ಕುಂಡವನ್ನೇ ಬೆರಳಿಟ್ಟು ತೋರಿಸುತ್ತದೆ. ಕಾರ್ಡು ಗೆಲ್ಲುವುದು ಆಮೇಲೆ, ನೀರು ಕಡಿಮೆ ಮಾಡಿ ಮಣ್ಣು ಒಣಗಿಸುವಾಗ ನೊಣ ಇಳಿಯುತ್ತಿದೆಯಾ ಅಂತ ನೋಡಲು. ಮೊಟ್ಟೆಯಿಂದ ನೊಣ ಆಗಲು ಸುಮಾರು 3-4 ವಾರ ಬೇಕು, ಹಾಗಾಗಿ ಎರಡು ದಿನ ನೊಣ ಕಾಣಲಿಲ್ಲ ಅಂತ ಕಾರ್ಡ್ ಕಿತ್ತು ಹಾಕಬೇಡಿ.

ಫೋನಿನ ಆ್ಯಪ್ ಬಗ್ಗೆ ಬೇಗ ಮುಗಿಸುತ್ತೇನೆ. ಎಲೆಯ ಫೋಟೋ ತೆಗೆದರೆ ಗಿಡದ ಹೆಸರು ಹೇಳುವುದರಲ್ಲಿ ಇವು ಗಟ್ಟಿಗವೇ. ಮಣ್ಣಿನ ಮೇಲಿನ 1 ಮಿಲಿಮೀಟರ್ ಚುಕ್ಕೆಯ ಫೋಟೋ ಕೊಟ್ಟರೆ ಒಂದೇ ಹುಳಕ್ಕೆ ಒಮ್ಮೆ ನುಸಿ (ಮೈಟ್) ಅನ್ನುತ್ತದೆ, ಮತ್ತೊಮ್ಮೆ ಹೇನು ಅನ್ನುತ್ತದೆ. ಫೋಟೋದಲ್ಲಿ ಕಾಲು ಎಣಿಸಲು ಆಗದಿದ್ದರೆ ಯಾವ ಆ್ಯಪ್ ತಾನೇ ಏನು ಹೇಳೀತು? ಬದಲಿಗೆ ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಹಾಕಿ ವಿಡಿಯೋ ತೆಗೆಯಿರಿ. ಹುಳದ ಗುರುತು ಅರ್ಧ ಅದರ ನಡಿಗೆಯಲ್ಲಿದೆ, ಅದನ್ನು ಯಾವ ಫೋಟೋ ಕೂಡ ಕೊಡುವುದಿಲ್ಲ.

ನನ್ನ ಪ್ರಕಾರ ದುಡ್ಡು ಕೊಟ್ಟು ತರಬೇಕಾದ್ದು ಒಂದೇ, ಒಡವೆ ಅಂಗಡಿಯವರು ಕಣ್ಣಿಗೆ ಹಿಡಿಯುತ್ತಾರಲ್ಲ, ಆ 10 ಪಟ್ಟು ದೊಡ್ಡದು ಮಾಡುವ ಲೆನ್ಸ್. ಭೂತಗನ್ನಡಿ ಸಾಲುವುದಿಲ್ಲ. 10 ಪಟ್ಟಿನಲ್ಲಿ ಕಾಲು ಎಣಿಸಬಹುದು. ಆರು ಕಾಲು, ಎರಡು ಮೀಸೆ ಇದ್ದರೆ ಸ್ಪ್ರಿಂಗ್‌ಟೇಲ್ ಕಡೆಗೆ, ಎಂಟು ಕಾಲು ಇದ್ದು ಮೀಸೆ ಇಲ್ಲದಿದ್ದರೆ ನುಸಿ. ನುಸಿಯ ಎಳೆಮರಿಗೂ ಆರೇ ಕಾಲು, ಅದಕ್ಕೇ ಮೀಸೆ ಇದೆಯಾ ಅಂತ ಮರೆಯದೆ ನೋಡಿ. ದುಂಡಗೆ, ಕಂದು ಬಣ್ಣದಲ್ಲಿ ಹೊಳೆಯುತ್ತಾ ನಿಧಾನ ನಡೆಯುವ ನುಸಿ ಕೊಳೆತದ್ದನ್ನು ತಿನ್ನುತ್ತದೆ. ಕಂದು ಬಿಳುಪಿನದು ಸರಸರ ಓಡುತ್ತಿದ್ದರೆ ಅದು ಬಹುಶಃ ಬೇಟೆಗಾರ ನುಸಿ, ನ್ಯಾಟಿನ ಮರಿಯನ್ನೇ ತಿನ್ನುವಂಥದ್ದು. ದಯವಿಟ್ಟು ಇದನ್ನು ಕೊಲ್ಲಬೇಡಿ.

ಲೆನ್ಸಿನ ಜೊತೆ ಹೋಲಿಸಲು ಫೋಲ್ಡ್‌ಸ್ಕೋಪ್ ಕೂಡ ಬಳಸಿ ನೋಡಿದೆ. ಮೀರತ್‌ನಲ್ಲಿ ಹುಟ್ಟಿದ ಮನು ಪ್ರಕಾಶ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ತಮ್ಮ ತಂಡದ ಜೊತೆ ಮಾಡಿದ ಕಾಗದದ ಮಡಿಕೆಯ ಸೂಕ್ಷ್ಮದರ್ಶಕ ಇದು, ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅದ್ಭುತ ವಸ್ತು, ಮಕ್ಕಳಿರುವ ಪ್ರತಿ ಮನೆಯಲ್ಲೂ ಇರಬೇಕು ಅನ್ನುವವನು ನಾನು. ಆದರೆ ಈ ಕೆಲಸಕ್ಕೆ ಅದು ವಿಪರೀತ ಜಾಸ್ತಿ. ಬೆಳಕು ಹುಳದೊಳಗಿಂದ ಹಾದು ಬರಬೇಕು, ದಪ್ಪ ಮೈಯ ನುಸಿ ಬರೀ ಕಪ್ಪು ಉಂಡೆಯಾಗಿ ಕಾಣುತ್ತದೆ. ಓಡುವ ಹುಳ ಕಣ್ಣಿಗೆ ಸಿಗುವ ಮೊದಲೇ ಆಚೆ ಹೋಗಿರುತ್ತದೆ. ನ್ಯಾಟಿನ ಒಂದು ರೆಕ್ಕೆ ಕಿತ್ತು ನೋಡುವುದಕ್ಕಾದರೆ ಇದಕ್ಕೆ ಸಾಟಿ ಇಲ್ಲ, ಆ ವೈ ಆಕಾರದ ನರ ಎದ್ದು ಕಾಣುತ್ತದೆ.

ಮೂಟೆಗಟ್ಟಲೆ ಗೊಬ್ಬರ ತರುವವರಿಗೆ ಮಣ್ಣಿನಿಂದ ಹುಳ ಹೊರಗೆ ಇಳಿಸುವ ಬಲ್ಬಿನ ಆಲಿಕೆ ಒಳ್ಳೆಯದು. ಇಟಲಿಯ ಕೀಟ ವಿಜ್ಞಾನಿ ಅಂತೋನಿಯೊ ಬರ್ಲೆಸೆ 1905ರಲ್ಲಿ ಬಿಸಿನೀರಿನ ಕಾವು ಬಳಸಿ ಇದನ್ನು ಮಾಡಿದರು, ಆಮೇಲೆ ಸ್ವೀಡನ್ನಿನ ಟುಲ್‌ಗ್ರೆನ್ ಅದಕ್ಕೆ ಬಲ್ಬ್ ತಂದರು. ನೀರಿನ ಬಾಟಲಿ ಕೊಯ್ದು ಮೇಲಿನ ಅರ್ಧ ಬೋರಲಾಗಿಸಿ, ಸೊಳ್ಳೆ ಪರದೆಯ ತುಂಡು ಇಟ್ಟು ಮಣ್ಣು ಹಾಕಿ, ಮೇಲೆ ಬಲ್ಬ್ ಉರಿಸಿದರೆ ಹುಳಗಳು ಬಿಸಿ ತಾಳದೆ ಕೆಳಗಿನ ನೀರಿಗೆ ಬೀಳುತ್ತವೆ. ಹಳೆಯ ಕಾಲದ ತಂತಿ ಬಲ್ಬೇ ಬೇಕು, ಎಲ್‌ಇಡಿಗೆ ಆ ಕಾವಿಲ್ಲ. ಒಂದೆರಡು ಕುಂಡಕ್ಕೆ ಇಷ್ಟೆಲ್ಲ ಬೇಡ.

ಇವೆಲ್ಲವನ್ನೂ ತಪ್ಪಿಸಿಕೊಳ್ಳುವ ಹುಳ ಒಂದಿದೆ, ಬೇರಿನ ಹಿಟ್ಟು ತಿಗಣೆ (ರೂಟ್ ಮೀಲಿಬಗ್). ಕಾರ್ಡಿಗೆ ಬೀಳುವುದಿಲ್ಲ, ಆಲೂಗಡ್ಡೆಗೆ ಬರುವುದಿಲ್ಲ, ಮೇಲ್ಮಣ್ಣಿನಲ್ಲಿ ಕಾಣುವುದೇ ಅಪರೂಪ, ಆದರೆ ಗಿಡಕ್ಕೆ ನಿಜವಾಗಿ ಕೇಡು ಮಾಡುವುದು ಇದೇ. ನೀರು ಸರಿಯಾಗಿದ್ದೂ ಗಿಡ ಸೊರಗುತ್ತಿದ್ದರೆ ಕುಂಡ ಬೋರಲು ಹಾಕಿ ಬೇರಿನ ಉಂಡೆ ಹೊರಗೆ ತೆಗೆಯಿರಿ. ಬೇರಿನ ಮೇಲೆ, ಕುಂಡದ ಒಳಗೋಡೆಯ ಮೇಲೆ ಬಿಳಿ ಮೇಣದ ಪುಡಿ ಕಂಡರೆ ಹಲ್ಲುಕಡ್ಡಿಯಿಂದ ಒತ್ತಿ. ಮಣ್ಣಿಗೆ ಬೆರೆಸುವ ಹಗುರ ಬಿಳಿ ಕಾಳು, ಪರ್ಲೈಟ್, ಆದರೆ ಪುಡಿಯಾಗುತ್ತದೆ, ತಿಗಣೆ ಆದರೆ ಒದ್ದೆಯಾಗಿ ಮೆತ್ತಿಕೊಳ್ಳುತ್ತದೆ. ಮೆತ್ತಿಕೊಂಡರೆ ಆ ಕುಂಡವನ್ನು ಅವತ್ತೇ ಬೇರೆ ಗಿಡಗಳಿಂದ ದೂರ ಇಡಿ, ಅದರ ತಟ್ಟೆಯಲ್ಲಿ ಇಳಿದ ನೀರನ್ನು ಇನ್ನೊಂದು ಕುಂಡಕ್ಕೆ ಹಾಕಬೇಡಿ.