ಕಾಳುಮೆಣಸಿನ ಅಂಗಡಿಯ ಲೆಕ್ಕಕ್ಕೆ ನಾನು ಟ್ಯಾಲಿಯನ್ನೇ ಹಿಡಿದದ್ದೇಕೆ

ಶಿರಸಿಯ ಒಂದು ಕಾಳುಮೆಣಸು, ಅಡಿಕೆ ಅಂಗಡಿಯ ಲೆಕ್ಕ ಬರೆಯುವವಳು ನಾನು. ಸ್ಪ್ರೆಡ್‌ಶೀಟ್, ಮೊಬೈಲಿನ ಬಿಲ್ಲಿಂಗ್ ಆ್ಯಪ್, ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿ ಪ್ರೈಮ್ ಮೂರನ್ನೂ ಬಳಸಿದ್ದೇನೆ. ತಪ್ಪು ಅಂಕಿಯನ್ನು ಒಳಗೆ ಬಿಡದಿರುವ ವಿಷಯದಲ್ಲಿ ಟ್ಯಾಲಿಗೇ ನನ್ನ ಮತ.

ಸ್ಪ್ರೆಡ್‌ಶೀಟ್ ಬಿಡಲು ಮುಖ್ಯ ಕಾರಣ ಪೇಸ್ಟ್. ಮೊತ್ತದ ಕಾಲಂಗೆ ‘ಸಂಖ್ಯೆ ಮಾತ್ರ’ ಎಂಬ ನಿಯಮ ಹಾಕಿಟ್ಟಿದ್ದೆ. ಟೈಪ್ ಮಾಡಿದ್ದನ್ನು ಅದು ತಡೆಯುತ್ತದೆ. ಬೇರೆಡೆಯಿಂದ ನಕಲಿಸಿ ತಂದು ಹಾಕಿದರೆ ತುಟಿ ಪಿಟಕ್ಕೆನ್ನುವುದಿಲ್ಲ. ಖರೀದಿದಾರರೊಬ್ಬರು ಮೆಸೇಜಿನಲ್ಲಿ ಕಳಿಸಿದ ಪಟ್ಟಿಯನ್ನು ಅಂಗಡಿಯ ಹುಡುಗ ಹಾಗೆಯೇ ತಂದು ಹಾಕಿದ. 48,600ರ ಹಿಂದೆ ಕಣ್ಣಿಗೆ ಕಾಣದ ಒಂದು ಖಾಲಿ ಚಿಹ್ನೆ ಸೇರಿಕೊಂಡಿತ್ತು. ಅಷ್ಟಕ್ಕೇ ಅದು ಸಂಖ್ಯೆಯಾಗದೆ ಅಕ್ಷರವಾಗಿ ಕುಳಿತಿತು. ಕೂಡುವ ಸೂತ್ರ ಅಕ್ಷರಗಳನ್ನು ದಾಟಿ ಮುಂದೆ ಹೋಗುತ್ತದೆ; ಒಟ್ಟು ಮೊತ್ತ ಅಷ್ಟರ ಮಟ್ಟಿಗೆ ಕಡಿಮೆ ಬಂತು, ಎಚ್ಚರಿಕೆ ಮಾತ್ರ ಬರಲಿಲ್ಲ. ಉಳಿದ ಅಂಕಿಗಳು ಬಲಕ್ಕೆ ಸಾಲಾಗಿ ನಿಂತಿದ್ದರೆ ಇದೊಂದು ಎಡಕ್ಕೆ ಸರಿದಿತ್ತು. ಸಿಕ್ಕ ಸುಳಿವು ಅದೊಂದೇ.

ಇನ್ನೊಂದು ಕಿರಿಕಿರಿ: ಜಿಎಸ್‌ಟಿ ಬಿಲ್ಲಿಗಾಗಿ ಸರಕನ್ನು ಗುರುತಿಸುವ ಎಚ್‌ಎಸ್‌ಎನ್ ಸಂಕೇತ ಕಾಳುಮೆಣಸಿಗೆ 0904. ಸಿಎಸ್‌ವಿ ಕಡತವನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಟ್ಟಿ) ಸ್ಪ್ರೆಡ್‌ಶೀಟಿನಲ್ಲಿ ನೇರವಾಗಿ ತೆರೆದರೆ ಮೊದಲ ಸೊನ್ನೆ ಉದುರಿ 904 ಆಗುತ್ತದೆ.

ಮೊಬೈಲ್ ಆ್ಯಪ್‌ನಲ್ಲಿ ಬಿಲ್ ಬೇಗ ಆಗುತ್ತದೆ. ಆದರೆ ನಾವು ಬಳಸಿದ ಆ್ಯಪ್‌ನಲ್ಲಿ ಹಳೆಯ ಬಿಲ್ ತಿದ್ದಿದರೆ ಗುರುತೇ ಉಳಿಯುತ್ತಿರಲಿಲ್ಲ. ಬೇಡವೆನ್ನಲು ನನಗೆ ಅಷ್ಟು ಸಾಕಾಯಿತು.

ಟ್ಯಾಲಿಯಲ್ಲಿ ಡೆಬಿಟ್, ಕ್ರೆಡಿಟ್ ಸಮವಾಗದೆ ವೋಚರ್, ಅಂದರೆ ಒಂದು ವ್ಯವಹಾರದ ನಮೂದು, ಉಳಿಯುವುದಿಲ್ಲ. ದಾಸ್ತಾನು ಸೊನ್ನೆಗಿಂತ ಕೆಳಗಿಳಿದರೆ ಎಚ್ಚರಿಸುವಂತೆ ಮಾಡಬಹುದು. ಎಡಿಟ್ ಲಾಗ್‌ನಲ್ಲಿ ಯಾರು, ಯಾವಾಗ, ಏನು ತಿದ್ದಿದರೆಂಬುದು ಸಿಗುತ್ತದೆ. ಕಂಪನಿಗಳಿಗೆ ಇಂಥ ದಾಖಲೆ 2023ರ ಏಪ್ರಿಲ್ 1ರಿಂದ ಕಡ್ಡಾಯ. ನಮ್ಮದು ಪಾಲುದಾರಿಕೆ, ಆ ನಿಯಮ ತಾಗುವುದಿಲ್ಲ. ಆದರೂ ಅದನ್ನು ಚಾಲೂ ಇಟ್ಟಿದ್ದೇನೆ.

ಆದರೆ ಒಬ್ಬ ಹೆಗಡೆಯವರ ಹಣ ಇನ್ನೊಬ್ಬ ಹೆಗಡೆಯವರ ಖಾತೆಗೆ ಹೋದರೆ ಟ್ಯಾಲಿಗೂ ತಿಳಿಯದು. ಶಿರಸಿಯಲ್ಲಿ ಇದು ಸಣ್ಣ ಮಾತಲ್ಲ. ಅದಕ್ಕಾಗಿ ಪ್ರತಿ ಖಾತೆಗೂ ನಾವೇ ಒಂದು ಸಂಖ್ಯೆ ಕೊಟ್ಟಿದ್ದೇವೆ. ಸಂಜೆ ಚೀಟಿಗಳ ಮೊತ್ತವನ್ನು ಟ್ಯಾಲಿಯ ಡೇ ಬುಕ್ಕಿನೊಂದಿಗೆ (ಆ ದಿನದ ನಮೂದುಗಳ ಪಟ್ಟಿ) ತಾಳೆ ನೋಡುವಾಗ ಖಾತೆ ಸಂಖ್ಯೆಗಳನ್ನೂ ಕೂಡುತ್ತೇನೆ. ಆ ಮೊತ್ತಕ್ಕೆ ಬೇರೆ ಅರ್ಥವಿಲ್ಲ, ಚೀಟಿಗಳಲ್ಲೂ ಡೇ ಬುಕ್ಕಿನಲ್ಲೂ ಒಂದೇ ಬರಬೇಕು; ಬರದಿದ್ದರೆ ಯಾವುದೋ ಖಾತೆ ಅದಲುಬದಲಾಗಿರಬಹುದು.

ಪರವಾನಗಿಯ ಹಣ ಹೆಚ್ಚೇ. ದಿನಕ್ಕೆ ಬೆರಳೆಣಿಕೆಯ ಬಿಲ್ ಬರೆಯುವವರು ತಿದ್ದುಪಡಿಯ ದಾಖಲೆ ಇಡುವ ಆ್ಯಪ್ ಹುಡುಕಿಕೊಳ್ಳಲಿ. ನಮ್ಮಲ್ಲಿ ಕೊಯ್ಲಿನ ಕಾಲಕ್ಕೆ ಲೆಕ್ಕಕ್ಕೆ ಕೈ ಹಾಕುವವರು ಹಲವರು. ಒಂದೇ ಕಂಪ್ಯೂಟರಿನ ಪರವಾನಗಿ ಕೊಂಡು ಸರದಿಯಲ್ಲಿ ಕೂರುತ್ತೇವೆ.